ಹದಿನೇಳರ ಪಾನಾ

ಕೀಲಿಕೈ ಕಿಸೆಯಲ್ಲೇ ಇತ್ತು. ಕೇರಿಯ ಕೊನೆಯ ಮನೆ ದಾಟಿ ಬೇವಿನ ಗಿಡದ ಹತ್ತಿರ ಬರುವಷ್ಟರಲ್ಲಿ ಕೋಮಲ ಅದನ್ನು ಮೂರು ಸಲ ಮುಟ್ಟಿ ನೋಡಿಕೊಂಡಿದ್ದಳು. ಇದ್ದೇ ಇರುತ್ತದೆ, ಎಲ್ಲಿಗೆ ಹೋಗುತ್ತದೆ, ಕಿಸೆಗೆ ಗುಂಡಿ ಬೇರೆ ಇದೆ. ಆದರೂ ನಾಲ್ಕನೇ ಸಲ ಕೈ ತನ್ನಷ್ಟಕ್ಕೆ ತಾನೇ ಹೋಯಿತು. ಕಿರುಬೆರಳಿನಷ್ಟುದ್ದದ ಹಿತ್ತಾಳೆಯ ಕೀಲಿಕೈ, ಅದಕ್ಕೊಂದು ಕೆಂಪು ದಾರ. ಅದರ ಜೋಡಿ ಕೀಲಿ, ಅಂದರೆ ಬೀಗ, ಸೋಲಾರ ಪ್ಲಾಂಟಿನ ಗೋಡೆಯ ಮೊಳೆಗೆ ತೂಗಾಡುತ್ತಿರುತ್ತದೆ. ಕೆಂಪು ಬಣ್ಣದ್ದು, ಅದರ ಮೇಲೆ ಅವಳ ಹೆಸರು, ಹೆಸರಿನ ಪಕ್ಕ ಅವಳ ಫೋಟೋ. ಫೋಟೋದಲ್ಲಿ ಅವಳು ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಾಳೆ. ಕಂಪನಿ ಕೊಟ್ಟ ನೀಲಿ ಅಂಗಿ ಗಂಡಸರ ಅಳತೆಯದು, ತೋಳನ್ನು ಎರಡು ಮಡಿಕೆ ಮಡಚಿದರೂ ಅಂಗೈಗೆ ಬರುತ್ತಿತ್ತು. ಹೆಲ್ಮೆಟ್ಟನ್ನು ಕೇರಿಯಲ್ಲಿ ತಲೆಗೆ ಹಾಕಿಕೊಳ್ಳಲು ನಾಚಿಕೆಯಾಗಿ ಹೂವಿನ ಬುಟ್ಟಿ ಹಿಡಿದಂತೆ ಬಗಲಲ್ಲಿ ಹಿಡಿದಿದ್ದಳು. ಹಿಂದಿನಿಂದ ಅವ್ವ ಯಲ್ಲವ್ವ ಏನೋ ಕೂಗಿದಳು, ಕೋಮಲ ತಿರುಗಿ ನೋಡಲಿಲ್ಲ. ತಿರುಗಿ ನೋಡಿದರೆ ಹೊತ್ತಾಗುತ್ತದೆ, ಹೊತ್ತಾದರೆ ಇವತ್ತು ಎಲ್ಲ ಕೆಡುತ್ತದೆ ಎಂದು ಬೆಳಿಗ್ಗೆ ಎದ್ದಾಗಿನಿಂದ ಅವಳಿಗೆ ಅನಿಸುತ್ತಿತ್ತು.

ಝಳಕಿಯ ಕಡೆಯಿಂದ ಲಾರಿಗಳ ಸದ್ದು ಕೇಳುತ್ತಿತ್ತು. ಹೆದ್ದಾರಿಯಿಂದ ಒಳಗೆ ಬಂದರೆ ಒಂದು ಮೈಲು ಬಸಂತರಾಯ ಸಾವಕಾರರ ನಿಂಬಿ ತೋಟ, ತೋಟ ಮುಗಿದ ಮೇಲೆ ಅವರದೇ ಇಪ್ಪತ್ತು ಎಕರೆ ಕಲ್ಲುಮಣ್ಣಿನ ಗರಸು ನೆಲ, ಆ ನೆಲದ ತುಂಬ ಈಗ ಸೋಲಾರ ಹಲಗೆಗಳು ಸಾಲುಸಾಲಾಗಿ ಮುಗಿಲಿಗೆ ಮುಖ ಮಾಡಿ ನಿಂತಿವೆ. ಸುತ್ತಲಿನ ನಾಲ್ಕು ಊರಿನ ತೋಟದ ಪಂಪುಗಳಿಗೆ ಹಗಲು ಹೊತ್ತಿನ ಕರೆಂಟು ಇಲ್ಲಿಂದಲೇ. ಒಂದು ಕಾಲಕ್ಕೆ ಈ ನೆಲದಲ್ಲಿ ಕೋಮಲ ಸಗಣಿ ಆರಿಸಿದ್ದಳು. ಈಗ ಅದೇ ನೆಲದಲ್ಲಿ ಅವಳು ಅಪ್ರೆಂಟಿಸ್. ಡಿಪ್ಲೊಮಾ ಮುಗಿಸಿ ಬಂದವಳಿಗೆ ಒಂದು ವರ್ಷ ಕೆಲಸ ಕಲಿಸುತ್ತಾರೆ. ಕಲಿತರೆ ಮುಂದೆ ಇದೇ ಕಂಪನಿಯಲ್ಲೋ ಬೇರೆ ಕಡೆಯೋ ಎಂಜಿನಿಯರರ ಜೊತೆ ನಿಲ್ಲುವ ಕೆಲಸ. ಆದರೆ ಮೊದಲ ಹದಿನೈದು ದಿನ ಮುಗಿದ ಮೇಲೆ ಕಲಿಸುವ ಮಲಿಕಸಾಬ ಆಫೀಸಿಗೆ ಬರೆದು ಕಳಿಸಬೇಕು: ಇವಳ ಕೈ ಕರೆಂಟಿನ ಪೆಟ್ಟಿಗೆಯೊಳಗೆ ಹೋಗಬಹುದು, ಅಥವಾ ಹೋಗಬಾರದು. ಹೋಗಬಾರದು ಅಂತ ಬರೆದರೆ ವರ್ಷಪೂರ್ತಿ ಹಲಗೆ ತೊಳೆಯುವ ಹೆಂಗಸರ ಮೇಲೆ ನಿಗಾ ಇಡುವ ಕೆಲಸ. ಆ ಹೆಂಗಸರೆಲ್ಲ ಅವಳ ಕೇರಿಯವರೇ. ಅವರ ಮುಂದೆ ನೀಲಿ ಅಂಗಿ ಹಾಕಿಕೊಂಡು ನಿಂತು ನೀರಿನ ಪೈಪು ಕಾಯುವುದನ್ನು ನೆನೆದರೆ ಅವಳು ಹೆಜ್ಜೆ ಬಿರುಸು ಮಾಡುತ್ತಿದ್ದಳು. ಇವತ್ತು ಹನ್ನೊಂದನೇ ದಿನ. ಇವತ್ತೇ ಮೊದಲ ಸಲ ದೊಡ್ಡ ಪೆಟ್ಟಿಗೆ ತೆಗೆಯುವುದಿತ್ತು.

ಎಲ್ಲ ಕೆಟ್ಟದ್ದು ಮೊದಲನೇ ದಿನವೇ. ಅದನ್ನು ನೆನೆಯಬಾರದು ಅಂದುಕೊಂಡೇ ದಿನಾ ಇದೇ ದಾರಿಯಲ್ಲಿ, ಇದೇ ನಿಂಬಿ ಬೇಲಿಯ ಪಕ್ಕ ಅದನ್ನೇ ನೆನೆಯುತ್ತ ಹೋಗುತ್ತಿದ್ದಳು. ಅಪ್ರೆಂಟಿಸುಗಳು ಇಬ್ಬರೇ, ಅವಳು ಮತ್ತು ಮುದ್ದೇಬಿಹಾಳದ ಚೇತನಕುಮಾರ. ಮಲಿಕಸಾಬ ಸಿಂದಗಿಯವನು, ಮೂವತ್ತು ವರ್ಷ ಲೈನಿನ ಕೆಲಸ ಮಾಡಿದವನು, ಎಡಗೈಯ ಎರಡು ಬೆರಳು ಮಡಚಿಕೊಂಡೇ ಇರುತ್ತವೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಅವತ್ತು ಇಬ್ಬರ ಕೈಯಲ್ಲೂ ಒಂದೊಂದು ಕೆಂಪು ಕೀಲಿ ಇಟ್ಟು ಹೇಳಿದ್ದ: "ಯಾವ ಪೆಟ್ಟಿಗ್ಯಾಗ ಕೈ ಹಾಕ್ತೀರಿ, ಅದರ ಹ್ಯಾಂಡಲ್ ಇಳಿಸಿ ಮೊದಲ ಇದನ್ನ ಜಡೀರಿ. ಇದು ಇರೂ ತನಕ ಯಾರಪ್ಪನ ಕೈಲಿಂದೂ ಹ್ಯಾಂಡಲ್ ಏರಂಗಿಲ್ಲ, ಕರೆಂಟ್ ಬರಂಗಿಲ್ಲ. ಮೂರು ಮಂದಿ ಕೈ ಹಾಕಿದ್ರ ಮೂರು ಕೀಲಿ. ಹಾಕಿದವರ ತಗೀಬೇಕು. ಕೀಲಿಕೈ ನಾ ಬೇಡಿದ್ರೂ ಕೊಡಬ್ಯಾಡ್ರಿ, ಮ್ಯಾನೇಜರ್ ಬೇಡಿದ್ರೂ ಕೊಡಬ್ಯಾಡ್ರಿ, ನಿಮ್ಮಪ್ಪ ಬಂದು ಬೇಡಿದ್ರೂ ಕೊಡಬ್ಯಾಡ್ರಿ. ತಿಳೀತೇನು?" ತಿಳಿಯಿತು ಅಂತ ಮೊದಲು ತಲೆ ಆಡಿಸಿದವಳು ಅವಳೇ. ಸಂಜೆ ನಾಲ್ಕಕ್ಕೆ, ಎಲ್ಲಿಯೋ ನೋಡುತ್ತ, ಯಾವುದೋ ತಂತಿ ಸುತ್ತುತ್ತ ಮಲಿಕಸಾಬ ಕೈ ಚಾಚಿ, "ಕೋಮಲಾ, ನಿನ್ನ ಕೀಲಿಕೈ ಕೊಡವಾ ಇಲ್ಲಿ" ಅಂದ. ಅವಳು ಕೊಟ್ಟಳು. ದೊಡ್ಡವರು ಕೈ ಚಾಚಿದ್ದಾರೆ, ಕೊಡದೆ ಹೇಗಿರುವುದು? ಯೋಚನೆ ಮಾಡುವ ಮೊದಲೇ ಕೈ ಕಿಸೆಗೆ ಹೋಗಿ ಬಂದಿತ್ತು. ಅಷ್ಟೇ ಆಗಿದ್ದರೆ ಸೈರಿಸಬಹುದಿತ್ತು. ಕೈ ಅವನ ಅಂಗೈಯಿಂದ ಒಂದು ಗೇಣು ಮೇಲೆ ನಿಂತು, ಅಲ್ಲಿಂದ ಕೀಲಿಕೈಯನ್ನು ಟಪ್ಪನೆ ಬಿಟ್ಟಿತು.

ಚೇತನಕುಮಾರ ನಕ್ಕ. ಕೊಟ್ಟುಬಿಟ್ಟಳಲ್ಲ ಅಂತ ನಕ್ಕದ್ದು. ಆಮೇಲೆ ಕೇಳಿದ, "ಅಲ್ಲಾ, ಮ್ಯಾಲಿಂದ ಯಾಕ ಬಿಟ್ಟಿ?" ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲವೋ, ಗೊತ್ತಿದ್ದು ಕೇಳಿದನೋ, ಹನ್ನೊಂದು ದಿನ ಅವನ ಮುಖ ನೋಡಿದರೂ ಅವಳಿಗೆ ಬಗೆಹರಿದಿಲ್ಲ. ಮಲಿಕಸಾಬ ಮಾತ್ರ ನಗಲಿಲ್ಲ. ಅಂಗೈಯಲ್ಲಿ ಬಿದ್ದ ಕೀಲಿಕೈಯನ್ನು ಒಂದು ಗಳಿಗೆ ನೋಡಿ, ಅವಳ ಕೈ ಹಿಡಿದು ಒಳಗಿಟ್ಟು ಬೆರಳು ಮಡಚಿ, "ಎರಡೂ ತಪ್ಪು" ಅಂದ. ಅಷ್ಟೇ. ಎರಡು ಯಾವುವು ಅಂತ ಬಿಡಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ವಿಜಯಪುರದ ಹಾಸ್ಟೆಲಿನಲ್ಲಿ ಮೂರು ವರ್ಷ ಎಲ್ಲರ ಜೊತೆ ಒಂದೇ ತಾಟಿನಲ್ಲಿ ಉಂಡವಳು, ಒಬ್ಬರ ಬಾಚಣಿಗೆ ಇನ್ನೊಬ್ಬರು ಬಳಸಿದವಳು ತಾನು. ಎಲ್ಲ ತೊಳೆದುಹೋಗಿದೆ ಅಂದುಕೊಂಡಿದ್ದಳು. ಕೈಗೆ ಮಾತ್ರ ಯಾರೂ ಹೇಳಿರಲಿಲ್ಲ. ಆ ಕೈ ಯಾರದು? ಅವ್ವನದು. ಸಾವಕಾರರ ಹಿತ್ತಲಲ್ಲಿ ಅವ್ವ ನಿಂಬಿಕಾಯಿಯ ಬುಟ್ಟಿ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ, ಸಾವಕಾರರ ಹೆಂಡತಿ ಹೊನ್ನವ್ವ ಬಂದು ಎತ್ತಿಕೊಳ್ಳುತ್ತಾಳೆ. ಹೊನ್ನವ್ವ ಒಳ್ಳೆಯವಳು. ಮಗಳ ಹಳೆಯ ಕಂಪಾಸ್ ಪೆಟ್ಟಿಗೆಯನ್ನು ಕೋಮಲಳಿಗೆ ಕೊಟ್ಟವಳು ಅವಳೇ, "ಛಲೋ ಓದು ಕೂಸ" ಅನ್ನುತ್ತ ಕೊಟ್ಟಳು, ಮೇಲಿನಿಂದ ಬಿಟ್ಟಳು. ಪುಟ್ಟ ಕೋಮಲ ಉಡಿ ಒಡ್ಡಿ ಹಿಡಿದಿದ್ದಳು, ಕೈವಾರದ ಮೊನೆ ಹೊರಗೆ ಬಂದು ಹೊಟ್ಟೆಗೆ ಚುಚ್ಚಿತ್ತು, ನೋವಾದರೂ ಖುಷಿಯಾಗಿತ್ತು. ಆ ಖುಷಿಯನ್ನು ಈಗ ಏನು ಮಾಡುವುದು ಅಂತ ಅವಳಿಗೆ ತಿಳಿಯುತ್ತಿರಲಿಲ್ಲ.

ಕೆಲಸ ಒಂಬತ್ತಕ್ಕೆ ಶುರುವಾಯಿತು. ದೊಡ್ಡ ಪೆಟ್ಟಿಗೆ ಅಂದರೆ ಬೀರುವಿನಷ್ಟು ಎತ್ತರದ್ದು, ಎಲ್ಲ ಹಲಗೆಗಳ ಕರೆಂಟು ಒಂದಾಗಿ ಪಂಪಿನ ಲೈನಿಗೆ ಹೋಗುವುದು ಅದರ ಮೂಲಕ. ಒಳಗೆ ಮೂರು ತಾಮ್ರದ ಪಟ್ಟಿಗಳು, ಪಟ್ಟಿಗೆ ಬೋಲ್ಟುಗಳು. ಬೇಸಿಗೆಯ ಕಾವಿಗೆ ಸಡಿಲಾಗುತ್ತವೆ, ವರ್ಷಕ್ಕೊಮ್ಮೆ ಬಿಗಿ ಮಾಡಬೇಕು. ಮಧ್ಯಾಹ್ನ ಒಂದು ಗಂಟೆಯ ತನಕ ಪಂಪು ಬಂದ್ ಅಂತ ಊರೂರಿಗೆ ಹೇಳಿ ಕಳಿಸಿದ್ದರು. ಮಲಿಕಸಾಬ ಹ್ಯಾಂಡಲ್ ಇಳಿಸಿದ, ತನ್ನ ಕೀಲಿ ಹಾಕಿದ, ಚೇತನಕುಮಾರ ಹಾಕಿದ, ಕೋಮಲ ಹಾಕಿದಳು. ಮೂರು ಕೆಂಪು ಕೀಲಿಗಳು ಒಂದರ ಪಕ್ಕ ಒಂದು. ಮೀಟರು ಹಚ್ಚಿ ಒಳಗೆ ಕರೆಂಟಿಲ್ಲ ಅಂತ ಎರಡು ಸಲ ನೋಡಿಸಿದ. ಆಮೇಲೆ ಮಲಿಕಸಾಬ ಸಾಮಾನಿನ ಚೀಲ ಅವಳ ಮುಂದಿಟ್ಟು, "ಹನ್ನೊಂದು ಸಾಮಾನು ಅದಾವ. ಒಳಗ ಹೋಗೂವಾಗ ಎಣಿಸು, ಹೊರಗ ಬರೂವಾಗ ಎಣಿಸು. ಇವತ್ತ ಇದು ನಿನ್ನ ಕೆಲಸ" ಅಂದ. ಇದೇ ಪರೀಕ್ಷೆ ಅಂತ ಅವಳಿಗೆ ಗೊತ್ತಾಯಿತು. ಅವನನ್ನು ಎಲ್ಲರೂ ಚಾಚಾ ಅನ್ನುತ್ತಾರೆ, ಅವಳಿಗೂ ಹಾಗೇ ಕರೆ ಅಂದಿದ್ದಾನೆ, ಅವಳ ಬಾಯಿಂದ ಮಾತ್ರ ಸರ್ ಅನ್ನುವುದು ಬಿಟ್ಟು ಬೇರೆ ಬಂದಿಲ್ಲ. "ಹೌದ್ರಿ ಸರ್" ಅಂದಳು. ಬೋಲ್ಟು ಬಿಗಿ ಮಾಡುವ ಸ್ಪ್ಯಾನರು, ಹದಿನೇಳರ ಪಾನಾ, ಅವಳ ಕೈಗೆ ಸರಿಯಾಗಿ ಕೂತಿತ್ತು. ಒಂದೊಂದು ಬೋಲ್ಟೂ ಕಿರ್ ಅಂತ ಕಚ್ಚಿಕೊಂಡಾಗ ಈ ಕೆಲಸ ನನಗೆ ಬರುತ್ತದೆ, ನನಗೆ ಬೇಕು ಅಂತ ಅವಳಿಗೆ ಎದೆತುಂಬಿ ಬಂತು. ಎಷ್ಟೋ ದಿನಗಳ ಮೇಲೆ ಕಿಸೆಯಲ್ಲಿನ ಕೀಲಿಕೈಯನ್ನು ಮರೆತು ಎರಡು ತಾಸು ಕಳೆದಳು.

ಮುಗಿಯುವ ಹೊತ್ತಿಗೆ ಒಂದೂವರೆಯಾಗಿತ್ತು. ತಡವಾಗಿದೆ ಅಂತ ಎಲ್ಲರಿಗೂ ಅವಸರ. ಚೇತನಕುಮಾರ ಮುಚ್ಚಳ ಎತ್ತಿ ಕೂರಿಸಿದ, ಎಂಟು ಬೋಲ್ಟು ತಿರುವಿದ. "ಎಣಿಸಿದೇನವಾ?" ಅಂತ ಮಲಿಕಸಾಬ ಮುಖ ಒರೆಸಿಕೊಳ್ಳುತ್ತ ಕೇಳಿದ. ಚೀಲ ಅವಳ ಕಾಲ ಹತ್ತಿರ ಬಾಯಿ ತೆರೆದುಕೊಂಡಿತ್ತು, ತುಂಬಿದ ಹಾಗೇ ಕಂಡಿತು, ಚೇತನಕುಮಾರ ಅವಳನ್ನೇ ನೋಡುತ್ತಿದ್ದ. ತಡವರಿಸಿದರೆ ಮತ್ತೆ ನಗುತ್ತಾನೆ. "ಹನ್ನೊಂದೂ ಅದಾವ್ರಿ" ಅಂದಳು. ಎಷ್ಟು ಸರಾಗವಾಗಿ ಬಂತು ಆ ಮಾತು! ಮಲಿಕಸಾಬ ತನ್ನ ಕೀಲಿ ತೆಗೆದ, ಚೇತನಕುಮಾರ ತನ್ನದು ತೆಗೆದ. "ನಿಂದೂ ತಗಿ, ನಾ ಕರೆಂಟಿನ ಸ್ಟೇಷನ್ನಿಗಿ ಫೋನ್ ಮಾಡಿ ಹೇಳಿ ಬರ್ತೇನಿ" ಅನ್ನುತ್ತ ಮಲಿಕಸಾಬ ಗೇಟಿನ ಕಡೆ ನಡೆದ. ಒಳಗೆ ಫೋನು ತರುವಂತಿಲ್ಲ, ಎಲ್ಲರ ಫೋನೂ ಗೇಟಿನ ಕೋಣೆಯಲ್ಲೇ ಇರುತ್ತವೆ. ಅವನ ಬೆನ್ನು ಹಲಗೆಗಳ ಸಾಲಿನ ಹಿಂದೆ ಮರೆಯಾದ ಮೇಲೆ ಕೋಮಲ ಕುಕ್ಕುರುಗಾಲಲ್ಲಿ ಕೂತು ಚೀಲಕ್ಕೆ ಕೈ ಹಾಕಿದಳು. ಸುಮ್ಮನೆ, ಮನಸ್ಸಿನ ಸಮಾಧಾನಕ್ಕೆ. ಹತ್ತು. ಇನ್ನೊಮ್ಮೆ. ಹತ್ತು. ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಇಟ್ಟಳು. ಹದಿನೇಳರ ಪಾನಾ ಇರಲಿಲ್ಲ.

ಕೊನೆಗೆ ಅದು ಯಾರ ಕೈಯಲ್ಲಿತ್ತು? ನೆನಪಾಗಲೊಲ್ಲದು. ತನ್ನ ಕೈಯಲ್ಲಿತ್ತು, ಮೂರನೇ ಪಟ್ಟಿಯ ಕೆಳಗಿನ ಬೋಲ್ಟು, ಆಮೇಲೆ ಬೆವರು ಒರೆಸಿಕೊಂಡಳು, ಒರೆಸಿಕೊಳ್ಳುವಾಗ ಅದನ್ನು ಎಲ್ಲಿಟ್ಟಳು? ಪಟ್ಟಿಯ ಮೇಲೆಯೇ ಇಟ್ಟಿರಬೇಕು. ಇಟ್ಟದ್ದು ಕಣ್ಣಿಗೆ ಕಂಡಂತೆಯೇ ಆಯಿತು, ಎರಡು ಪಟ್ಟಿಗಳ ನಡುವೆ ಅಡ್ಡಲಾಗಿ, ಕಾಲು ಚಾಚಿ ಮಲಗಿದ ಹಾಗೆ. ಹ್ಯಾಂಡಲ್ ಏರಿಸಿದರೆ ಎರಡು ಪಟ್ಟಿಗಳ ಕರೆಂಟು ಪಾನಾದಲ್ಲಿ ಕೂಡಿ ಪೆಟ್ಟಿಗೆ ಸಿಡಿಯುತ್ತದೆ ಅಂತ ಕ್ಲಾಸಿನಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದಳು. ಹ್ಯಾಂಡಲ್ ಏರಿಸುವವನು ಪೆಟ್ಟಿಗೆಯ ಎದುರಿಗೇ ನಿಂತಿರುತ್ತಾನೆ. ಮಲಿಕಸಾಬ ನಿಂತಿರುತ್ತಾನೆ. ಇಟ್ಟಿಲ್ಲದೆಯೂ ಇರಬಹುದು. ಹುಲ್ಲಿನಲ್ಲಿ ಬಿದ್ದಿರಬಹುದು, ಚೇತನಕುಮಾರ ಎತ್ತಿ ಬೇರೆ ಕಡೆ ಇಟ್ಟಿರಬಹುದು. ಸುತ್ತ ಹುಡುಕಿದಳು, ಹುಲ್ಲು ಸರಿಸಿದಳು. "ಏನ್ ಹುಡಕ್ತೀ?" ಅಂದ ನೆರಳಲ್ಲಿ ಕೂತ ಚೇತನಕುಮಾರ. "ಏನಿಲ್ಲ" ಅಂದಳು. ಎರಡನೇ ಸುಳ್ಳು. ಈಗ ಓಡಿಹೋಗಿ ಹೇಳಿದರೆ? ಮುಚ್ಚಳ ತೆಗೆಯಬೇಕು, ಒಂದು ತಾಸು. ಎಣಿಸದೆ ಹನ್ನೊಂದು ಅಂದೆ ಅಂತ ಒಪ್ಪಿಕೊಳ್ಳಬೇಕು. ಮೊದಲ ದಿನ ಎರಡು ತಪ್ಪು, ಇವತ್ತು ಇದು. ಮಲಿಕಸಾಬ ಏನು ಬರೆಯುತ್ತಾನೆ ಅಂತ ಕೇಳುವುದೇ ಬೇಡ. ಹೇಳದಿದ್ದರೆ? ಅವಳ ಕೀಲಿಯೊಂದೇ ಹ್ಯಾಂಡಲ್ಲಿಗೆ ತೂಗಾಡುತ್ತಿತ್ತು. ಅದರ ಮೇಲಿನ ಫೋಟೋ ಅವಳನ್ನೇ ನೋಡುತ್ತಿತ್ತು, ಸಿಕ್ಕಿಬಿದ್ದ ಮುಖ ಮಾಡಿಕೊಂಡು.

ಆಗಲೇ ಬಸಂತರಾಯ ಸಾವಕಾರರು ಬಂದರು. ಬಿಳಿ ಧೋತರ, ತಲೆಗೆ ಬಿಳಿ ಟೊಪ್ಪಿಗೆ, ಅದರ ಮೇಲೆ ಗೇಟಿನಲ್ಲಿ ಕೊಟ್ಟ ಹಳದಿ ಹೆಲ್ಮೆಟ್ಟು ಕೂತೂ ಕೂಡದ ಹಾಗೆ. ಅವರ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಅವಳ ಅಪ್ಪ ಮಾನಪ್ಪ, ತೋಟದಿಂದ ನೇರವಾಗಿ ಬಂದವನು, ಕೈಯಲ್ಲಿ ಬಿಳಿ ಅರಿವೆಯ ಗಂಟು. ಬುತ್ತಿ. ಬೆಳಿಗ್ಗೆ ಅವ್ವ ಕೂಗಿದ್ದು ಇದಕ್ಕೇ. ಕಾಂಕ್ರೀಟಿನ ಕಟ್ಟೆ ಹತ್ತುವ ಮೊದಲು ಅಪ್ಪ ಚಪ್ಪಲಿ ಬಿಟ್ಟ. ಇಲ್ಲಿ ಬೂಟಿಲ್ಲದೆ ನಿಲ್ಲಬಾರದು ಅಂತ ಹೇಳಬೇಕೆಂದುಕೊಂಡು ಅವಳು ಹೇಳಲಿಲ್ಲ.

"ಏನವಾ ಕೋಮಲಾ, ಮುಗೀತಂತಲ್ಲ" ಅಂದರು ಸಾವಕಾರರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಕ್ಕರೆಯೇ ಇತ್ತು. "ಮಲಿಕಸಾಬ ಗೇಟಿನ್ಯಾಗ ಫೋನ್ ಹಿಡಕೊಂಡು ನಿಂತಾನ. ನಾಲ್ಕಕ್ಕ ಹಗಲಿನ ಕರೆಂಟ್ ಹೋತಂದ್ರ ಮುಗೀತು, ಈ ಬಿಸಲಿಗಿ ಗಿಡಕ್ಕ ನೀರು ಕಾಣಲಿಲ್ಲಂದ್ರ ಹೀಚೆಲ್ಲಾ ನೆಲಾ ಹಿಡಿತಾವ. ಮತ್ತ ಯಾಕ ತಡಾ?"

"ಕೀಲಿ ಒಂದ ಉಳದೈತ್ರಿ" ಅಂದ ಚೇತನಕುಮಾರ, ಎದ್ದು ನಿಂತು. "ಇಕೀದು."

"ಹಂಗಾರ ತಗೀವಾ."

ಅವಳು ತೆಗೆಯಬಹುದಿತ್ತು. ಕೈ ಆಗಲೇ ಕಿಸೆಯ ಗುಂಡಿಯ ಮೇಲೆ ಹೋಗಿತ್ತು. ಕಂಪನಿಯವರು ನೆಲ ಬಾಡಿಗೆಗೆ ಕೇಳಲು ಬಂದಾಗ ಇದೇ ಸಾವಕಾರರು, ನಮ್ಮೂರ ಹುಡುಗಿ ಒಬ್ಬಾಕಿ ಡಿಪ್ಲೊಮಾ ಮಾಡ್ಯಾಳ, ಆಕೀಗಿ ಕೆಲಸ ಕಲಸ್ರಿ ಅಂದಿದ್ದರು. ಅಪ್ಪ ಅದನ್ನು ಊರ ತುಂಬ ಹೇಳಿಕೊಂಡು ತಿರುಗಿದ್ದ. ಇವರ ಬಾಯಿಂದ ಆದ ಕೆಲಸ. ಪಾನಾ ಒಳಗೆ ಇಲ್ಲದಿರಲೂಬಹುದಲ್ಲ, ಹತ್ತರಲ್ಲಿ ಒಂಬತ್ತು ಪಾಲು ಇರಲಿಕ್ಕಿಲ್ಲ, ಇದ್ದರೂ ಪಟ್ಟಿಗೆ ತಾಗಿರಲಿಕ್ಕಿಲ್ಲ. ಕೀಲಿ ತೆಗೆದುಬಿಟ್ಟರೆ ಆಮೇಲೆ ಆಗುವುದು ತನ್ನ ಕೈಯಲ್ಲಿಲ್ಲ. ಸಾವಕಾರರು ಕೇಳಿದರು, ತೆಗೆದೆ. ಯಾರೂ ತನ್ನನ್ನು ಏನೂ ಅನ್ನಲಾರರು. ಎಷ್ಟು ಹಗುರ ಆ ಯೋಚನೆ! ಅದರ ಹಗುರಕ್ಕೇ ಅವಳಿಗೆ ಹೆದರಿಕೆಯಾಯಿತು. ಗುಂಡಿಯ ಮೇಲಿನ ಕೈ ಕಂಡು ಸಾವಕಾರರು ತೆಗೆಯುತ್ತಾಳೆ ಅಂದುಕೊಂಡರು, ತೆಗೆಯದೇ ಇದ್ದಾಗ ಹುಬ್ಬು ಗಂಟಿಕ್ಕಿದರು.

"ಯಾಕ, ಬರವಲ್ದೇನು ತಗ್ಯಾಕ? ಕೀಲಿಕೈ ಆ ಹುಡುಗನ ಕೈಯಾಗರೆ ಕೊಡು. ಮಾನಪ್ಪಾ, ನೋಡೋ ನಿನ್ನ ಮಗಳನ್ನ, ಕಲ್ಲಾಗಿ ನಿಂತಾಳ. ಹೇಳೋ ಒಂದೀಟು."

ಅಪ್ಪ ಮುಂದೆ ಬಂದ. ಬುತ್ತಿಯ ಗಂಟನ್ನು ಎಡಗೈಗೆ ಬದಲಿಸಿ ಬಲಗೈ ಚಾಚಿದ. ಅದು ಕೇಳುವ ಕೈಯಲ್ಲ. ಬೊಗಸೆಯ ಅರ್ಧ, ಸೊಂಟದ ಕೆಳಗೆ, ಮೇಲಿನಿಂದ ಬೀಳುವುದನ್ನು ಹಿಡಿಯುವ ಕೈ. ನಿಂಬಿ ಮುಳ್ಳಿನ ಹಳೆಯ ಗೀರು, ಹೊಸ ಗೀರು. ಮಗಳ ಮುಂದೆಯೂ ಅಪ್ಪನಿಗೆ ಬೇರೆ ತರಹ ಕೈ ಚಾಚುವುದು ಗೊತ್ತಿರಲಿಲ್ಲ. "ಕೊಡ ಮಗಳ" ಅಂದ ಮೆಲ್ಲಗೆ. "ಸಾವಕಾರ್ರು ಕೇಳಾಕತ್ತಾರ." ಹುಟ್ಟಿದಾಗಿನಿಂದ ಅಪ್ಪ ಅವಳನ್ನು ಏನೂ ಕೇಳಿದವನಲ್ಲ. ಹಾಸ್ಟೆಲಿಗೆ ಕಳಿಸುವಾಗ ಬಸ್ಸಿನ ಕಿಟಕಿಯ ಕೆಳಗೆ ನಿಂತು ಹೇಳಲು ಏನೂ ತೋಚದೆ ಎರಡು ನಿಂಬಿಕಾಯಿ ಕೊಟ್ಟಿದ್ದ, ದಾರಿಯಲ್ಲಿ ವಾಂತಿ ಬಂದರೆ ಮೂಸು ಅಂತ. ಆ ಕೈ ಈಗ ಅವಳ ಮುಂದೆ ಚಾಚಿಕೊಂಡು ನಿಂತಿದೆ, ಅದರೊಳಗೆ ಕೀಲಿಕೈ ಹಾಕಿದರೆ ಮುಗಿಯಿತು. ಹಾಕದಿದ್ದರೆ ಇಷ್ಟು ಜನರ ಮುಂದೆ ಆ ಕೈ ಬರಿದಾಗಿ ಹಿಂದೆ ಹೋಗಬೇಕು.

"ಕೊಡಂಗಿಲ್ಲಪ್ಪ" ಅಂದಳು.

ದನಿ ಅವಳು ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಬಂತು. ಅಪ್ಪನ ಕೈ ಹಿಂದೆ ಹೋಗಲಿಲ್ಲ, ಅಲ್ಲೇ ನಿಂತಿತು, ಹಿಂದೆ ತೆಗೆದುಕೊಳ್ಳಬೇಕು ಅನ್ನುವುದು ಅವನಿಗೆ ಹೊಳೆದ ಹಾಗಿರಲಿಲ್ಲ. ಹಲಗೆಗಳ ಸಂದಿನಿಂದ ಮಲಿಕಸಾಬ ಬರುತ್ತಿರುವುದು ಕಾಣಿಸಿತು. ಇನ್ನು ಹೇಳದಿದ್ದರೆ ಎಂದೂ ಹೇಳಲಾಗುವುದಿಲ್ಲ ಅನಿಸಿ ಅವಳು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು, "ಹದಿನೇಳರ ಪಾನಾ ಸಿಗವಲ್ದು. ಒಳಗ ಬಿಟ್ಟೇನಿ ಅನಸ್ತೈತಿ. ನಾ ಎಣಿಸ್ಲಾರದ ಹನ್ನೊಂದು ಅದಾವ ಅಂತ ಸುಳ್ಳ ಹೇಳೇನಿ." ಚೇತನಕುಮಾರ ನಗುತ್ತಾನೆ ಅಂತ ಕಾದಳು. ಅವನು ನಗಲಿಲ್ಲ, ಪೆಟ್ಟಿಗೆಯಿಂದ ಎರಡು ಹೆಜ್ಜೆ ಹಿಂದೆ ಸರಿದ.

ಸಾವಕಾರರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವರು ಮಾನಪ್ಪನ ಕಡೆಗಾಗಲಿ ಅವಳ ಕಡೆಗಾಗಲಿ ನೋಡದೆ, ಬರುತ್ತಿದ್ದ ಮಲಿಕಸಾಬನಿಗೆ ಹೇಳಿದರು, "ನಾನ ಹೇಳಿ ಹಚ್ಚಿದ ಹುಡುಗಿ ನೋಡಪಾ ಇದು." ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇದು ಬೈಗುಳವಾಗಿರಲಿಲ್ಲ, ತಾವು ಮಾಡಿದ ಒಳ್ಳೆಯ ಕೆಲಸವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿರುವವರ ದನಿಯಾಗಿತ್ತು. ಅಪ್ಪ ತಲೆ ತಗ್ಗಿಸಿದ. ಕೋಮಲಳಿಗೆ ಆ ಕ್ಷಣ ಪಾನಾ ಒಳಗೇ ಇರಲಿ ಅನಿಸಿತು, ಪಟ್ಟಿಯ ಮೇಲೆ ಅಡ್ಡಲಾಗಿ ಇರಲಿ, ಎಲ್ಲರೂ ನೋಡಲಿ, ಇಲ್ಲದಿದ್ದರೆ ಈ ಮರ್ಯಾದೆ ಹೋದದ್ದಕ್ಕೆ ಅರ್ಥವಾದರೂ ಏನು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆ ಹೇಸಿಕೆಯೂ ಆಯಿತು.

ಮಲಿಕಸಾಬ ತನ್ನ ಕೀಲಿ ತಂದು ಮತ್ತೆ ಅವಳ ಕೀಲಿಯ ಪಕ್ಕ ಜಡಿದ. ಚೇತನಕುಮಾರನೂ ಜಡಿದ. ಎಂಟು ಬೋಲ್ಟು ಬಿಚ್ಚುವಷ್ಟು ಹೊತ್ತು ಸಾವಕಾರರು ಆಗಾಗ ತೋಟದ ಕಡೆ ನೋಡಿ ಉಸಿರು ಬಿಡುತ್ತಿದ್ದರು. ಮುಚ್ಚಳ ಕೆಳಗಿಳಿಯಿತು. ಬ್ಯಾಟರಿ ಹಿಡಿದು ಮಲಿಕಸಾಬ ಮೂರೂ ಪಟ್ಟಿಗಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದ, ಕೋಮಲಳಿಗೆ ನೋಡು ಅಂದ. ತಾಮ್ರ ಹೊಳೆಯುತ್ತಿತ್ತು. ಪಾನಾ ಇರಲಿಲ್ಲ. ತಳದಲ್ಲಿ, ಮೂಲೆಯಲ್ಲಿ, ಎಲ್ಲಿಯೂ ಇರಲಿಲ್ಲ. "ಇಲ್ಲ" ಅಂದ ಚೇತನಕುಮಾರ. "ಇಲ್ಲಂದ್ರ? ಸುಮ್ನ ಇಷ್ಟೊತ್ತು?" ಅಂದರು ಸಾವಕಾರರು. ಕೋಮಲ ಬ್ಯಾಟರಿ ಕೆಳಗಿಳಿಸಿದಳು. ಅವಳ ಒಳಗೆ ಎಲ್ಲ ಖಾಲಿಯಾಗಿತ್ತು, ಹೆದರಿಕೆ ಸಹ ಇರಲಿಲ್ಲ, ನಾಳೆಯಿಂದ ಪೈಪು ಹಿಡಿಯುವ ಹೆಂಗಸರ ಜೊತೆ ಎಲ್ಲಿ ನಿಲ್ಲಬೇಕು, ಯಾರಿಗೆ ಏನು ಹೇಳಬೇಕು ಅಂತ ಸಾವಕಾಶವಾಗಿ ಲೆಕ್ಕ ಹಾಕತೊಡಗಿದ್ದಳು.

ತಳ ನೋಡಲು ಕೂತಿದ್ದ ಮಲಿಕಸಾಬ ಏಳಲು ಹೋದವನು ಅರ್ಧಕ್ಕೇ ತಡೆದ. ತೊಡೆಯ ಪಕ್ಕದ ಉದ್ದ ಕಿಸೆಯ ಮೇಲೆ ಕೈ ಆಡಿಸಿದ. ಕಿಸೆಯ ಮುಚ್ಚಿಗೆ ಎತ್ತಿ, ಎರಡು ಬೆರಳಲ್ಲಿ ಹದಿನೇಳರ ಪಾನಾ ಹೊರಗೆ ತೆಗೆದ. ಅವನು ಅದನ್ನು ಮರೆಮಾಡಬಹುದಿತ್ತು, ಹುಲ್ಲಿಗೆ ಎಸೆದು ಇಲ್ಲೇ ಬಿದ್ದಿತ್ತು ಅನ್ನಬಹುದಿತ್ತು, ಇವಳ ಕಣ್ಣ ಮುಂದೆಯೇ ಅವನು ಆ ಯೋಚನೆ ಮಾಡಿದನೋ ಏನೋ. "ನನ್ನ ಹಂತ್ಯಾಕ ಐತಿ" ಅಂದ. "ಕಡೀ ಬೋಲ್ಟು ನಾನ ನೋಡಿದ್ದೆ ಒಮ್ಮಿ. ಕಿಸೇದಾಗ ಹಾಕ್ಕೊಂಡು ಮರ್ತ ಬಿಟ್ಟೇನಿ." ಆಮೇಲೆ ಸಾವಕಾರರ ಕಡೆ ತಿರುಗಿ, "ತಡಾ ನಂದ್ರಿ. ಹುಡುಗೀದಲ್ಲ" ಅಂದ. ಸಾವಕಾರರು ಹೆಲ್ಮೆಟ್ಟು ಕಳಚಿ ಕಟ್ಟೆಯ ಮೇಲಿಟ್ಟು, "ಛಲೋ ಮಂದಿ ಸಿಕ್ಕೀರಿ" ಅನ್ನುತ್ತ ತೋಟದ ಕಡೆ ನಡೆದರು. ಮಾನಪ್ಪನನ್ನು ಕರೆಯಲಿಲ್ಲ. ಅವರು ಕರೆಯದೇ ಹೋದದ್ದು ಅಪ್ಪನಿಗೆ ಎಷ್ಟು ದೊಡ್ಡದು ಅಂತ ಕೋಮಲಳಿಗೆ ಗೊತ್ತಿತ್ತು.

ಮುಚ್ಚಳ ಮತ್ತೆ ಕೂತಿತು. ಈ ಸಲ ಅವಳು ಚೀಲದ ಸಾಮಾನನ್ನು ಒಂದೊಂದಾಗಿ ಗಟ್ಟಿಯಾಗಿ ಎಣಿಸಿದಳು, ಹನ್ನೊಂದು ಅನ್ನುತ್ತ ಪಾನಾವನ್ನು ಚೀಲಕ್ಕೆ ಹಾಕಿದಳು. ಇಬ್ಬರೂ ತಮ್ಮ ಕೀಲಿ ತೆಗೆದರು. ಅವಳು ಕಿಸೆಯ ಗುಂಡಿ ಬಿಚ್ಚಿ ತನ್ನದನ್ನು ತಾನೇ ತೆಗೆದಳು. ಮಲಿಕಸಾಬ ಹ್ಯಾಂಡಲ್ ಏರಿಸಿದ. ಪೆಟ್ಟಿಗೆ ಸಣ್ಣಗೆ ಗುಂಯ್‌ಗುಟ್ಟಿತು, ಸ್ವಲ್ಪ ಹೊತ್ತಿಗೆ ದೂರದಲ್ಲಿ ನಿಂಬಿ ತೋಟದ ಪಂಪು ನೀರು ಎಳೆಯುವ ಸದ್ದು ಕೇಳಿಸಿತು. ಅವನು ದಿನದ ವಹಿ ತೆಗೆದು ಮೊಣಕಾಲ ಮೇಲಿಟ್ಟು ಬರೆದ, ಬರೆದದ್ದನ್ನು ಅವಳಿಗೆ ತೋರಿಸಿದ. ಒಂದು ತಾಸು ತಡ. ಸಾಮಾನು ಎಣಿಸಲಿಲ್ಲ, ಕೋಮಲ. ಪಾನಾ ಕಿಸೆಯಲ್ಲಿ ಉಳಿಯಿತು, ಮಲಿಕಸಾಬ. ಅನುಮಾನ ಬಂದು ಕೀಲಿ ತೆಗೆಯಲಿಲ್ಲ, ಕೋಮಲ. "ಆಫೀಸಿಗಿ ಇದ ಹೋಗ್ತೈತಿ" ಅಂದ. "ನಾಳಿ ಎಂಟಕ್ಕ ಬಾ. ಸಣ್ಣ ಪೆಟ್ಟಿಗಿ ನೀನ ತಗೀಬೇಕು, ನಾ ದೂರ ನಿಂದ್ರತೇನಿ." ಅವಳು ಇಷ್ಟು ದಿನ ಕಾದ ಮಾತು ಬಂದಿತ್ತು, ಖುಷಿ ಮಾತ್ರ ಬಂದಿರಲಿಲ್ಲ. ಅಪ್ಪ ಇನ್ನೂ ಅಲ್ಲೇ ನಿಂತಿದ್ದ.

ಬರಿಗಾಲಲ್ಲಿ, ಕಟ್ಟೆಯ ಅಂಚಿಗೆ. ಸಿಟ್ಟಾಗಿದ್ದಾನೆ ಅಂದುಕೊಂಡು ಅವಳು ಹತ್ತಿರ ಹೋದಳು; ಸಿಟ್ಟಾಗಿದ್ದರೆ ಬೈಸಿಕೊಂಡರಾಯಿತು, ಸಂಜೆ ಮನೆಯಲ್ಲಿ ಅವ್ವನೂ ಬೈಯುತ್ತಾಳೆ, ನಾಲ್ಕು ದಿನಕ್ಕೆ ಸರಿಹೋಗುತ್ತದೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅವನು ಅವಳ ಮುಖ ನೋಡುತ್ತಲೇ ಇರಲಿಲ್ಲ, ನೀಲಿ ಅಂಗಿ ನೋಡುತ್ತಿದ್ದ, ಹೆಲ್ಮೆಟ್ಟು ನೋಡುತ್ತಿದ್ದ. ಸಾವಕಾರರಿಗೆ ಇಲ್ಲ ಅಂದವರನ್ನು ಅವನು ಜೀವಮಾನದಲ್ಲಿ ಎಷ್ಟು ಜನರನ್ನು ಕಂಡಿರಬೇಕು? ತಹಶೀಲ್ದಾರರೋ ಪೊಲೀಸರೋ ಒಬ್ಬಿಬ್ಬರು. ಅವಳು ಎದುರಿಗೆ ಬಂದು ನಿಂತಾಗ ಅಪ್ಪ ಬಗ್ಗಿ ಬುತ್ತಿಯ ಗಂಟನ್ನು ಅವಳ ಬೂಟಿನ ಮುಂದೆ ನೆಲದ ಮೇಲೆ ಇಟ್ಟ. ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಅಪ್ಪ ಬೇಕಂತ ಮಾಡಿದ್ದಲ್ಲ, ಅವನಿಗೆ ಗೊತ್ತೇ ಆಗಿಲ್ಲ, ಮೊದಲನೇ ದಿನ ಕೀಲಿಕೈ ಬಿಟ್ಟಾಗ ಅವಳಿಗೆ ಗೊತ್ತಾಗದ ಹಾಗೆಯೇ. ಬಗ್ಗಿ ಎತ್ತಿಕೊಂಡರೆ ಮುಗಿಯುತ್ತಿತ್ತು. ಹೊನ್ನವ್ವ ನಿಂಬಿ ಬುಟ್ಟಿ ಎತ್ತಿಕೊಂಡ ಹಾಗೆ ಎತ್ತಿಕೊಳ್ಳಬೇಕಿತ್ತು.

"ಅಪ್ಪಾ" ಅಂದಳು. "ಕೈಯಾಗ ಕೊಡು."

ಅಪ್ಪನಿಗೆ ತಿಳಿಯಲಿಲ್ಲ. ಮಲಿಕಸಾಬನ ಕಡೆ ನೋಡಿದ, ಅವನು ವಹಿಯಲ್ಲಿ ತಲೆ ಹಾಕಿ ಕೂತಿದ್ದ. "ಕೈಯಾಗ ಕೊಡಪ್ಪ" ಅಂತ ಅವಳು ಇನ್ನೊಮ್ಮೆ ಹೇಳಿ ಅಂಗೈ ಚಾಚಿದಳು, ಮಡಚಿದ ತೋಳು ಮತ್ತೆ ಜಾರಿ ಅಂಗೈಗೆ ಬಂತು, ಅದನ್ನು ಹಲ್ಲಿನಿಂದ ಮೇಲಕ್ಕೆ ಎಳೆದುಕೊಂಡಳು. ಅಪ್ಪ ಎರಡು ಹೆಜ್ಜೆ ಮುಂದೆ ಬಂದು ಗಂಟನ್ನು ಎತ್ತಿದ. ಅರಿವೆಯ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ಅವಳ ಅಂಗೈಯ ಮೇಲೆ ತಂದ, ಒಂದು ಗೇಣು ಮೇಲೆ ನಿಲ್ಲಿಸಿದ. ಕೋಮಲ ಕಾಯಲಿಲ್ಲ. ಅವನು ಬಿಡುವ ಮೊದಲೇ ಕೈ ಮೇಲಕ್ಕೆತ್ತಿ ಗಂಟಿನ ಜೊತೆ ಆ ಬೆರಳುಗಳನ್ನೂ ಹಿಡಿದುಕೊಂಡಳು.